ಡ್ರೈವರಿಲ್ಲದ ಟ್ಯಾಕ್ಸಿ, ಹೆಪ್ಪಿನ ಬಟ್ಟಲು

ಆ ಟ್ಯಾಕ್ಸಿಯಲ್ಲಿ ಮೊದಲ ಸಲ ಕೂತಾಗ ನಾನು ಇಲ್ಲದ ಡ್ರೈವರಿಗೆ ನಮಸ್ಕಾರ ಹೇಳಿದೆ. ಬಾಗಿಲು ತಾನೇ ತೆರೆದುಕೊಂಡಿದ್ದು ಹೊಸದೇನಲ್ಲ. ಜಪಾನಿನ ಟ್ಯಾಕ್ಸಿಗಳಲ್ಲಿ ಡ್ರೈವರ್ ಕೂತಲ್ಲಿಂದಲೇ ಹಿಂಬಾಗಿಲು ತೆರೆಯುತ್ತಾನೆ. ಒಳಗೆ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ‘ಕೊನ್ನಿಚಿವಾ’ ಅಂದು ತಲೆಯೆತ್ತಿದರೆ ಮುಂದಿನ ಸೀಟು ಖಾಲಿ. ಬಿಳಿ ಹೊದಿಕೆ ಸುಕ್ಕಿಲ್ಲದೆ ಕೂತಿದೆ, ಸ್ಟೀರಿಂಗ್ ಚಕ್ರ ಯಾರ ಕೈಯೂ ಇಲ್ಲದೆ ಮೆಲ್ಲಗೆ ತಿರುಗುತ್ತಿದೆ. ಪಕ್ಕದಲ್ಲಿದ್ದ ನನ್ನ ಮಗಳು ಇಂಚರ ಕಿಸಕ್ಕನೆ ನಕ್ಕಳು. ಮುಂದೊಂದು ಬಸ್ಸು ಹತ್ತಿರಕ್ಕೆ ಬಂದಾಗ ‘ಅಯ್ಯೋ ನಿಧಾನ ಕಣಪ್ಪಾ’ ಎಂದು ನಾನು ಆ ಖಾಲಿ ಸೀಟಿನ ಬೆನ್ನು ತಟ್ಟಿದ್ದೂ ಉಂಟು. ಕಾರು ನಿಧಾನವಾಯಿತು. ನನ್ನ ಮಾತು ಕೇಳಿ ನಿಧಾನವಾಯಿತೋ, ಅದಕ್ಕೇ ತೋಚಿ ನಿಧಾನವಾಯಿತೋ ಎಂದು ಆವತ್ತು ನಾನು ಯೋಚಿಸಲಿಲ್ಲ.

ನಾವಿರುವುದು ಟೋಕಿಯೋದ ಪೂರ್ವದ ಅಂಚಿನ ಫುನಾಬೊರಿಯಲ್ಲಿ. ನನ್ನ ಗಂಡ ಪ್ರಸನ್ನನನ್ನು ಅವನ ಕಂಪನಿ ಎರಡೇ ವರ್ಷ ಎಂದು ಹೇಳಿ ಇಲ್ಲಿಗೆ ಕಳಿಸಿತು. ಆ ಎರಡು ವರ್ಷ ಮುಗಿದು ಯಾವ ಕಾಲವಾಯಿತೋ. ಇಂಚರಳಿಗೆ ನೆನಪಿರುವುದೆಲ್ಲ ಈ ಊರೇ. ನಾನು ಕನ್ನಡದಲ್ಲಿ ಬೈದರೆ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತದೆ. ಮನೆ ದಾಂಚಿಯಲ್ಲಿ. ದಾಂಚಿ ಅಂದರೆ ಒಂದೇ ಅಚ್ಚಿನಲ್ಲಿ ತೆಗೆದಂಥ ಎತ್ತರದ ವಸತಿ ಕಟ್ಟಡಗಳ ಸಾಲು. ಮೊದಲ ವರ್ಷ ಎರಡು ಸಲ ಬೇರೆಯವರ ಕಟ್ಟಡಕ್ಕೆ ನುಗ್ಗಿ, ಬೇರೆಯವರ ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿ, ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಾ ಇಳಿದು ಬಂದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಒಂದೇ ಅಂಗಳ, ಸುತ್ತ ಮನೆಗಳು, ನಡುವೆ ಹೆಸರಿಗೊಂದು ಗೋಡೆ. ಯಾರ ಮನೆಯಲ್ಲಿ ಒಗ್ಗರಣೆ ಸೀದಿತು, ಯಾರ ಮಗ ಫೇಲಾದ, ಯಾರು ಯಾರನ್ನು ಮಾತಾಡಿಸುತ್ತಿಲ್ಲ, ಎಲ್ಲ ಎಲ್ಲರಿಗೂ ಗೊತ್ತು. ಗುಟ್ಟು ಎಂಬ ಪದಾರ್ಥ ಅಲ್ಲಿ ಬೇಯುತ್ತಲೇ ಇರಲಿಲ್ಲ. ಎದುರುಮನೆಯಲ್ಲಿ ಕಮಲಮ್ಮ ಅಂತ ಇದ್ದರು. ಯಾರ ಮನೆಯಲ್ಲಾದರೂ ಗಂಡಸಿನ ದನಿ ಏರಿತೋ, ಅಥವಾ ಹೆಂಗಸಿನ ದನಿ ಇದ್ದಕ್ಕಿದ್ದಂತೆ ನಿಂತಿತೋ, ಕಮಲಮ್ಮ ಒಂದು ಬಟ್ಟಲು ಹಿಡಿದು ಹೊಸ್ತಿಲಲ್ಲಿ ಹಾಜರ್. ‘ಒಂಚೂರು ಹೆಪ್ಪು ಇದ್ರೆ ಕೊಡ್ತೀಯೇನೇ?’ ಜನ್ಮದಲ್ಲಿ ಅವರ ಮನೆಯ ಮೊಸರು ಕೆಟ್ಟದ್ದಿಲ್ಲ. ಎಲ್ಲರಿಗೂ ಗೊತ್ತಿತ್ತು. ಆದರೂ ಹೆಪ್ಪು ಕೇಳಿಕೊಂಡು ಬಂದವರನ್ನು ಹೊರಗೆ ನಿಲ್ಲಿಸುವ ಹಾಗಿಲ್ಲವಲ್ಲ. ಅವರು ಒಳಗೆ ಬಂದು ಕೂತು, ಅದೂ ಇದೂ ಮಾತಾಡಿ, ಮನೆಯ ಕಾವು ಇಳಿದ ಮೇಲೆ ಏಳುತ್ತಿದ್ದರು. ಆಗ ನಮಗೆ ಹುಡುಗಿಯರಿಗೆ ಅವರೆಂದರೆ ಆಗುತ್ತಿರಲಿಲ್ಲ. ಕಿವಿಗೆ ಬೀಗ ಹಾಕಿಕೊಳ್ಳಬಾರದೇ ಈ ಮುದುಕಿ ಅಂದುಕೊಳ್ಳುತ್ತಿದ್ದೆವು.

ಇಲ್ಲಿ ಬಂದ ಮೇಲೆ ನನಗೆ ಬೇಕಾದಷ್ಟು ಮೌನ ಸಿಕ್ಕಿತು, ಬೇಕಾದ್ದಕ್ಕಿಂತ ಜಾಸ್ತಿಯೇ. ರೈಲಿನಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಕಾನೂನೇನಲ್ಲ, ಮರ್ಯಾದೆ. ಮನೆಯಲ್ಲಿ ಮಾತಾಡಿದರೆ ಗೋಡೆ ತೆಳು. ಒಂದು ಭಾನುವಾರ ನಾನೂ ಮೈಸೂರಿನಲ್ಲಿರುವ ನನ್ನ ತಂಗಿಯೂ ಸ್ಪೀಕರ್ ಹಾಕಿಕೊಂಡು ಹರಟಿದ ಮಾರನೆಯ ದಿನ ಕಟ್ಟಡದ ಕೆಳಗಿನ ಫಲಕದಲ್ಲಿ ‘ದನಿಯ ಬಗ್ಗೆ ದಯವಿಟ್ಟು ಪರಸ್ಪರ ಕಾಳಜಿ ವಹಿಸೋಣ’ ಎಂಬ ಚೀಟಿ ಬಂತು. ಯಾರ ಹೆಸರೂ ಇರಲಿಲ್ಲ. ಅದನ್ನು ಓದಿದ ಇಂಚರ ನನ್ನ ಮುಖ ನೋಡಿದ ರೀತಿಗೆ ನಾನು ಒಂದು ತಿಂಗಳು ಪಿಸುದನಿಯಲ್ಲೇ ಸಂಸಾರ ಮಾಡಿದೆ.

ಹಾಗಾಗಿ ನಮ್ಮ ಬಡಾವಣೆಗೆ ಪ್ರಯೋಗವೆಂದು ಆ ಡ್ರೈವರಿಲ್ಲದ ಟ್ಯಾಕ್ಸಿಗಳು ಬಂದಾಗ ನನಗೆ ಸಿಕ್ಕಿದ್ದು ವಾಹನವಲ್ಲ, ಒಂದು ಕೋಣೆ. ಬಾಗಿಲು ಮುಚ್ಚಿದರೆ ನಾನು, ನನ್ನ ಫೋನು, ನನ್ನ ಕನ್ನಡ. ಡ್ರೈವರ್ ಕೂಡ ಇಲ್ಲ! ತಂಗಿಗೆ ಫೋನು ಹಚ್ಚಿ, ಅತ್ತೆಯ ಮೇಲಿನ ಸಿಟ್ಟು, ಪ್ರಸನ್ನನ ಕೆಲಸದ ಮೇಲಿನ ಸಂಶಯ, ನನ್ನ ಮೈಯಲ್ಲಿ ಆಗುತ್ತಿದ್ದ ಬದಲಾವಣೆ, ಎಲ್ಲವನ್ನೂ ವಠಾರದ ದನಿಯಲ್ಲಿ ಹೇಳಿಕೊಂಡೆ. ಅತ್ತಿದ್ದೇನೆ. ಹಾಡಿದ್ದೇನೆ. ನನ್ನಂತೆಯೇ ದಾಂಚಿಯ ಎಷ್ಟೋ ಹೆಂಗಸರು ಬೇಕಂತಲೇ ದೂರದ ಅಂಗಡಿಗೆ ಹೋಗಲು ಶುರುಮಾಡಿದ್ದರು. ಕಾರಿನ ಸೂರಿನಲ್ಲಿ ಕಡಲೆಯಷ್ಟು ದೊಡ್ಡ ಕಪ್ಪು ಚುಕ್ಕೆಯೊಂದಿತ್ತು. ಬಾಗಿಲ ಬಳಿ ಕ್ಯಾಮೆರಾದ ಚಿತ್ರವಿರುವ ಸಣ್ಣ ಚೀಟಿಯೂ ಇತ್ತು. ನೋಡಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನೋಡಿದರೆ ನೋಡಲಿ, ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ತಿಳಿಯುವವರನ್ನು ಅವರು ಹುಡುಕುತ್ತಿದ್ದರು. ಸಿಕ್ಕಿದ್ದು ನಾನು.

ಗಂಡನ ವೀಸಾದ ನೆರಳಿನಲ್ಲಿ ಬಂದ ನಮ್ಮಂಥವರಿಗೆ ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿಯಲ್ಲಿ ಕೆಲಸ ಮಾಡಲು ಇಲ್ಲಿ ಅನುಮತಿ ಸಿಗುತ್ತದೆ. ಅಂಥ ಬಿಡಿ ಕೆಲಸಕ್ಕೆ ‘ಅರುಬೈತೊ’ ಅನ್ನುತ್ತಾರೆ. ಭಾರತದ ಭಾಷೆಗಳನ್ನೂ ಸಾಧಾರಣ ಜಪಾನಿಯನ್ನೂ ಬಲ್ಲವರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ಗ್ರಾಹಕ ಸೇವೆ ಎಂದಷ್ಟೇ ಬರೆದಿತ್ತು. ಕೆಲಸಕ್ಕೆ ಸೇರಿದ ದಿನ ಮೊರಿತಾ-ಸಾನ್ ಎಂಬ ಮೇಲ್ವಿಚಾರಕಿ, ನನಗಿಂತ ಸ್ವಲ್ಪ ಹಿರಿಯ ಹೆಂಗಸು, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಟ್ಟಂತೆ ಕೊಟ್ಟರು.

‘ಡ್ರೈವರ್ ಇದ್ದರೆ ಹಿಂದಿನ ಸೀಟಿನಲ್ಲಿ ಏನಾದರೂ ತೊಂದರೆಯಾದಾಗ ಅವರಿಗೆ ಗೊತ್ತಾಗುತ್ತಿತ್ತು’ ಎಂದು ಅವರು ನಿಧಾನವಾದ ಜಪಾನಿಯಲ್ಲಿ ವಿವರಿಸಿದರು. ‘ಈಗ ಅದು ಯಂತ್ರಕ್ಕೆ ಗೊತ್ತಾಗಬೇಕು. ನಾವು ಅದಕ್ಕೆ ಕಲಿಸಬೇಕು.’

ಕೆಲಸ ಹೀಗೆ. ಕಾರಿನೊಳಗೆ ದನಿ ಏರಿದರೆ ಯಂತ್ರ ಆ ಜಾಗಕ್ಕೆ ಕೆಂಪು ಗುರುತು ಹಾಕುತ್ತದೆ, ಮೆತ್ತಗಿನ ಮಾತಿಗೆ ಹಸಿರು. ಕೆಂಪಿನ ಹಿಂದೆ ಮುಂದೆ ಕೆಲವು ನಿಮಿಷಗಳ ತುಣುಕು ನಮ್ಮ ಪರದೆಗೆ ಬರುತ್ತದೆ. ಮುಖಗಳನ್ನು ಬೂದಿ ಬಳಿದಂತೆ ಅಳಿಸಿರುತ್ತಾರೆ. ದನಿಯನ್ನು ಅಳಿಸುವುದಿಲ್ಲ, ಅಳಿಸಿದರೆ ಕಲಿಸುವುದು ಹೇಗೆ? ನಾವು ಕೇಳಿ, ಇದು ಸಾಮಾನ್ಯ ಮಾತೋ, ಜಗಳವೋ, ಅಪಾಯವೋ ಎಂದು ಗುರುತಿಸಬೇಕು.

ನನಗೆ ಬಂದ ಮೊದಲ ಕನ್ನಡದ ತುಣುಕು ಉದ್ದಕ್ಕೂ ಕೆಂಪು. ಹೆದರಿಕೊಂಡೇ ಕೇಳಿದೆ. ಯಾರೋ ಒಬ್ಬ ಹುಡುಗ ಊರಿನ ತಾಯಿಗೆ ಫೋನು ಮಾಡಿದ್ದಾನೆ: ‘ಅಮ್ಮಾ! ಹೇಳಿದ್ನಲ್ಲಮ್ಮಾ! ಹುಣಸೆಹಣ್ಣು ಕಳಿಸ್ಬೇಡ, ಇಲ್ಲೇ ಸಿಗತ್ತೆ! ಚಟ್ನಿಪುಡಿ ಕಳ್ಸು! ಹಲೋ? ಕೇಳಸ್ತಾ?’ ನಾನು ನಕ್ಕುಬಿಟ್ಟೆ. ಮೊರಿತಾ-ಸಾನ್ ಹತ್ತಿರ ಬಂದು, ‘ಇವರು ಜಗಳವಾಡುತ್ತಿಲ್ಲವೇ?’ ಎಂದು ಕೇಳಿದರು.

‘ಇಲ್ಲ, ಪ್ರೀತಿಯಿಂದ ಮಾತಾಡ್ತಿದಾರೆ.’

ಅವರು ಇನ್ನೊಂದು ಸಲ ಹೆಡ್‌ಫೋನು ಹಾಕಿಕೊಂಡು ಆ ಪ್ರೀತಿಯನ್ನು ಹುಬ್ಬುಗಂಟಿಕ್ಕಿ ಕೇಳಿದರು. ರೈಲಿನಲ್ಲಿ ಉಸಿರನ್ನೂ ಸದ್ದಿಲ್ಲದೆ ಬಿಡುವ ಜನರ ನಡುವೆ ಕಲಿತ ಯಂತ್ರಕ್ಕೆ ನಾವೆಲ್ಲ ಸದಾ ಹೊಡೆದಾಟದಲ್ಲಿರುವವರಂತೆ ಕಂಡಿದ್ದೆವು. ಅದಕ್ಕೇ ನಮ್ಮವರ ತುಣುಕುಗಳು ರಾಶಿ ರಾಶಿ. ‘ನೀವು ಬರುವ ಮೊದಲು ಇವನ್ನೆಲ್ಲ ಅರ್ಥವಾಗದ ಭಾಷೆ ಎಂದು ಇಟ್ಟಿದ್ದೆವು’ ಅಂದರು ಮೊರಿತಾ-ಸಾನ್.

‘ಇಟ್ಟಿದ್ರಾ? ಅಳಿಸಿರಲಿಲ್ವಾ?’

‘ಅರ್ಥವಾಗದ್ದನ್ನು ಅಳಿಸುವುದು ಹೇಗೆ?’ ಎಂದು ಅವರು ಸಹಜವಾಗಿ ಕೇಳಿದರು.

ನನ್ನ ಅತ್ತೆ, ನನ್ನ ಗಂಡ, ನನ್ನ ಮೈ, ನನ್ನ ಹಾಡು ಎಲ್ಲ ಆ ರಾಶಿಯಲ್ಲಿ ಎಲ್ಲೋ ಇವೆ. ಆವತ್ತಿನಿಂದ ಪ್ರತಿ ತುಣುಕು ತೆರೆಯುವಾಗಲೂ ನನ್ನದೇ ದನಿ ಬಂದೀತೆಂದು ಮೊದಲು ಸದ್ದು ತಗ್ಗಿಸಿಕೊಳ್ಳುತ್ತಿದ್ದೆ. ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ನಾನು ಬಿಟ್ಟರೆ ಕನ್ನಡ ಬಲ್ಲ ಇನ್ನೊಬ್ಬರು ಕೂತು ನನ್ನದನ್ನು ಕೇಳುತ್ತಾರಲ್ಲ ಎಂಬ ಭಯ.

ಬಂದದ್ದು ನನ್ನ ದನಿಯಲ್ಲ, ರಶ್ಮಿಯದು.

ರಶ್ಮಿ ನಮ್ಮ ದಾಂಚಿಯ ಮುಂದಿನ ಕಟ್ಟಡದವಳು, ಬೆಂಗಳೂರಿನ ಹುಡುಗಿ, ನನ್ನನ್ನು ಸುಧಕ್ಕ ಅನ್ನುತ್ತಾಳೆ. ಗಂಡ ಕಿರಣ್, ಶಿಶುವಿಹಾರಕ್ಕೆ ಹೋಗುವ ಮಗಳು ನಿಧಿ. ಕಿರಣ್ ಎಂದರೆ ನಮ್ಮವರಲ್ಲೆಲ್ಲ ಒಳ್ಳೆಯ ಹೆಸರು. ದೀಪಾವಳಿ ಊಟದಲ್ಲಿ ಬಡಿಸುವುದಕ್ಕೆ ಅವನೇ ಮುಂದು, ಕೊನೆಗೆ ಪಾತ್ರೆ ತೊಳೆಯುವುದಕ್ಕೂ ಅವನೇ. ‘ನೋಡು, ಕಿರಣ್ ಒಂದಿನ ದನಿ ಎತ್ತಿದ್ದು ಕೇಳಿಲ್ಲ’ ಎಂದು ನನ್ನ ಗಂಡ ನನಗೇ ಎಷ್ಟೋ ಸಲ ಚುಚ್ಚಿದ್ದುಂಟು.

ಹೆಸರುಗಳನ್ನು ಬದಲಿಸಿದ್ದೇನೆ. ಈ ಬರಹವನ್ನು ರಶ್ಮಿಗೆ ತೋರಿಸಿ, ಅವಳು ಒಪ್ಪಿದ ಮೇಲೆಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಒಂದನ್ನು ಮಾತ್ರ ತೆಗೆಯಲು ಹೇಳಿದಳು: ಆ ತುಣುಕಿನಲ್ಲಿ ನಿಧಿ ಯಾವ ಹಾಡು ಹಾಡುತ್ತಿದ್ದಳು ಎಂಬುದನ್ನು. ತೆಗೆದಿದ್ದೇನೆ.

ನಿಧಿ ಜೋರಾಗಿ ಹಾಡುತ್ತಿದ್ದಳು. ಯಂತ್ರ ಅದಕ್ಕೆ ಕೆಂಪು ಬಳಿದಿತ್ತು. ಮೂರು ಬೂದಿ ಮುಖಗಳು, ಒಂದು ಚಿಕ್ಕದು. ಹಾಡು ಮುಗಿಯಿತು, ಗುರುತು ಹಸಿರಿಗೆ ತಿರುಗಿತು. ನಾನು ‘ಸಾಮಾನ್ಯ’ ಒತ್ತಲು ಬೆರಳಿಟ್ಟಿದ್ದೆ. ಆಗ ಗಂಡಸಿನ ದನಿ ಬಂತು. ಮಗುವಿಗೆ ಕಥೆ ಹೇಳುವಷ್ಟು ಮೆತ್ತಗಿನ ದನಿ.

‘ಊರಿಗೆ ಹೋಗ್ತೀನಿ ಅಂತ ನಿಮ್ಮಮ್ಮಂಗೆ ಹೇಳಿದ್ಯಂತೆ. ಹೇಗ್ ಹೋಗ್ತೀಯ? ಪಾಸ್‌ಪೋರ್ಟ್ ಎರಡೂ ನನ್ ಹತ್ರ ಇದೆ. ನಿಂದೂ, ಮಗೂದೂ. ಎಲ್ಲಿದೆ ಅಂತ ನಿಂಗ್ ಗೊತ್ತಾಗಲ್ಲ. ನಿನ್ ವೀಸಾ ನಿಂತಿರೋದೇ ನನ್ ಮೇಲೆ ರಶ್ಮಿ. ನಾನ್ ಬೇಡ ಅಂದ್ರೆ ನೀನಿಲ್ಲಿ ಯಾರೂ ಅಲ್ಲ. ಮೊನ್ನೆ ಥರ ಮತ್ತೆ ಕೈ ಎತ್ಬೇಕಾಗುತ್ತೆ, ಮಾಡಿಸ್ಬೇಡ.’

‘ಮೆತ್ತಗೆ ಮಾತಾಡಿ, ಮಗು ಇದೆ.’

‘ಮೆತ್ತಗೇ ಮಾತಾಡ್ತಿದೀನಲ್ಲ.’

ಆಮೇಲೆ ಹೆಂಗಸು ಬಾಯಿ ಮುಚ್ಚಿಕೊಂಡು ಅತ್ತದ್ದು ಕೇಳಿಸಿತು. ಅಷ್ಟೂ ಹೊತ್ತು ಪರದೆಯ ಕೆಳಗಿನ ಪಟ್ಟಿ ಹಸಿರಾಗಿಯೇ ಇತ್ತು. ಪಕ್ಕದಲ್ಲಿ ಜಪಾನಿಯಲ್ಲಿ ಒಂದು ಪದ: ಶಾಂತ.

ನಾನು ಹೆಡ್‌ಫೋನು ತೆಗೆದಿಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೇಳಿದ್ದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ. ಗೊತ್ತಿರುವವರ ದನಿ ಬಂದರೆ ತಕ್ಷಣ ನಿಲ್ಲಿಸಿ ತಿಳಿಸಬೇಕು ಎಂಬ ನಿಯಮವೂ ಇತ್ತು. ತಿಳಿಸಿದರೆ ಆ ತುಣುಕು ಬೇರೆಯವರಿಗೆ ಹೋಗುತ್ತದೆ, ಕನ್ನಡ ಬಲ್ಲವರು ಬೇರೆ ಯಾರಿದ್ದಾರೆ? ಮತ್ತೆ ‘ಅರ್ಥವಾಗದ ಭಾಷೆ’ಯ ರಾಶಿಗೆ. ವಾಪಸು ಬಂದು ‘ಅಪಾಯ’ ಒತ್ತಿದೆ.

ಏನೂ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಮಾತಿನ ನಡುವೆ ಸುಮ್ಮನೆ ಕೇಳಿದಂತೆ ಮೊರಿತಾ-ಸಾನ್ ಅವರನ್ನು ಕೇಳಿದೆ, ಅಪಾಯ ಎಂದು ಒತ್ತಿದರೆ ಮುಂದೇನಾಗುತ್ತದೆ ಅಂತ.

‘ಯಂತ್ರ ಕಲಿಯುತ್ತದೆ’ ಅಂದರು. ‘ಇವು ಹಿಂದಿನ ವಾರಗಳ ತುಣುಕುಗಳು. ಇಳಿದುಹೋದ ಮೇಲೆ ಅದು ಪ್ರಯಾಣಿಕರ ಖಾಸಗಿ ಬದುಕು. ನಾವು ತಲೆಹಾಕುವಂತಿಲ್ಲ.’ ಖಾಸಗಿತನದ ಬಗ್ಗೆ ಅವರಿಗೆ ನಿಜವಾಗಿ ಗೌರವವಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಬೀರು ತೆಗೆದು ನನ್ನ ಪಾಸ್‌ಪೋರ್ಟ್ ಹುಡುಕಿದ್ದು. ರೇಷ್ಮೆ ಸೀರೆಯ ಕೆಳಗೆ ಇಟ್ಟಲ್ಲೇ ಇತ್ತು. ಪ್ರಸನ್ನ ಯಾಕೆ ಎಂದು ಕೇಳಿದ. ಸುಮ್ಮನೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಕಿರಣ್ ಹೇಗೆ?’ ಅಂದೆ. ‘ಚಿನ್ನದಂಥ ಮನುಷ್ಯ, ಯಾಕೇ?’ ಅಂದ. ಅದಕ್ಕೂ ಸುಮ್ಮನೆ ಅಂದೆ. ನನ್ನ ಗುರುತಿನ ಕಾರ್ಡಿನ ಮೇಲೂ ಗಂಡನ ಜೊತೆ ಇರಲು ಬಂದವಳು ಎಂದೇ ಇದೆ. ಇಷ್ಟು ವರ್ಷ ಅದನ್ನು ಪೊಲೀಸರಿಗೂ ಬ್ಯಾಂಕಿಗೂ ತೋರಿಸಿದ್ದೇನೆ, ಆವತ್ತು ಮೊದಲ ಸಲ ಸರಿಯಾಗಿ ಓದಿದೆ.

ವಠಾರದಲ್ಲಾಗಿದ್ದರೆ ಈ ಹೊತ್ತಿಗೆ ಕಮಲಮ್ಮ ಎದ್ದು ಹೊರಟಿರುತ್ತಿದ್ದರು. ಕೇಳಿಸಿಕೊಂಡೆ ಎಂದು ಅವರು ಮುಚ್ಚಿಡುತ್ತಿರಲಿಲ್ಲ, ಕೇಳಿಸಿತು ಎಂದು ಆ ಮನೆಯವರಿಗೂ ಗೊತ್ತಿರುತ್ತಿತ್ತು. ನಾನು? ನಗರದ ಇನ್ನೊಂದು ಮೂಲೆಯ ಕಟ್ಟಡದಲ್ಲಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಅವಳಿಗೆ ಗೊತ್ತೇ ಇಲ್ಲದಂತೆ ಅವಳ ಅಳುವನ್ನು ಕೇಳಿ ಗುಂಡಿ ಒತ್ತಿ ಬಂದಿದ್ದೆ. ಮೂರನೆಯ ದಿನ ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತೆಗೆದುಕೊಂಡು ಮುಂದಿನ ಕಟ್ಟಡಕ್ಕೆ ನಡೆದೆ.

ಬಾಗಿಲು ತೆರೆದದ್ದು ಕಿರಣ್. ಆವತ್ತು ಮನೆಯಿಂದಲೇ ಕೆಲಸ. ‘ಓ, ಸುಧಾ ಅವ್ರು, ಬನ್ನಿ ಬನ್ನಿ’ ಎಂದು ನಕ್ಕ. ಅದೇ ದನಿ. ನನ್ನ ಕೈಯಲ್ಲಿದ್ದ ಬಟ್ಟಲು ಬಾಗಿಲಿಗೆ ತಾಗಿ ಠಣ್ಣೆಂದಿತು.

‘ಒಂಚೂರು ಹೆಪ್ಪು ಬೇಕಿತ್ತು. ನಮ್ಮನೇದು ಕೆಟ್ಟೋಯ್ತು.’

ಅವನು ಮೀಟಿಂಗ್ ಇದೆ ಎಂದು ಒಳಕೋಣೆಗೆ ಹೋದ, ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ರಶ್ಮಿ ಅಡುಗೆಮನೆಯಿಂದ ಬಂದವಳು ಬಟ್ಟಲನ್ನೂ ನನ್ನನ್ನೂ ನೋಡಿದಳು. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ದಾಂಚಿಯ ಕನ್ನಡದವರ ಮನೆಗಳ ಮೊಸರೆಲ್ಲ ಒಂದೇ ವಂಶದ್ದು. ನಾನು ಮೈಸೂರಿನಿಂದ ಒಣಮೆಣಸಿನಕಾಯಿಯ ತೊಟ್ಟು ತಂದು, ಹಾಲಿಗೆ ಹಾಕಿ, ಪಾಡುಪಟ್ಟು ಹೆಪ್ಪು ಹುಟ್ಟಿಸಿಕೊಂಡದ್ದು. ಅಲ್ಲಿಂದ ಮನೆಮನೆಗೆ ಹೋಗಿದೆ. ರಶ್ಮಿಯ ಮನೆಗೂ ನನ್ನ ಬಟ್ಟಲಿನಿಂದಲೇ ಬಂದದ್ದು.

‘ನಿಮ್ಮನೆ ಮೊಸರು ಕೆಡುತ್ತಾ ಸುಧಕ್ಕ?’ ಎಂದಳು.

‘ಒಂದೊಂದ್ಸಲ ಕೆಡುತ್ತಮ್ಮ’ ಅಂದೆ. ಕಣ್ಣು ತುಂಬಿಕೊಂಡಿತು, ತಡೆಯಲಾಗಲಿಲ್ಲ.

ಅವಳು ಒಂದು ಚಮಚ ಹೆಪ್ಪು ಹಾಕಿ ಕೊಟ್ಟಳು. ಕೊಟ್ಟವರಿಗೆ ಏನಾದರೂ ತಿರುಗಿ ಕೊಡಬೇಕು, ಪಾತ್ರೆ ಖಾಲಿ ಕಳಿಸಬಾರದು ಎಂಬುದು ನಮ್ಮಲ್ಲಿ ಇದೆಯಲ್ಲ, ಅದೇ ನನಗೆ ದಾರಿಯಾಯಿತು. ಮಾರನೆಯ ದಿನ ಅವಳಿಗೆಂದು ಡಬ್ಬಿಯಲ್ಲಿ ಹುಳಿಯವಲಕ್ಕಿ ತಗೊಂಡು ಹೋದೆ. ಆ ಡಬ್ಬಿಗೆ ಅವಳು ಎರಡು ಕಿತ್ತಳೆ ಹಾಕಿ ಕಳಿಸಿದಳು. ಹೀಗೆ ಪಾತ್ರೆಗಳು ಎರಡು ಕಟ್ಟಡಗಳ ನಡುವೆ ಓಡಾಡಿದವು. ಕಿರಣ್ ಪ್ರತಿಸಲವೂ ಮರ್ಯಾದೆಯಿಂದ ನಗುತ್ತಿದ್ದ. ಆದರೆ ನಾನು ಬಂದುಹೋಗುತ್ತಿದ್ದೇನೆ ಎಂಬುದು ಅವನಿಗೂ ಕಾಣುತ್ತಿತ್ತು, ಕಾಣಲಿ ಎಂದೇ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ನಿಧಿಯನ್ನು ಶಿಶುವಿಹಾರದಿಂದ ಕರೆದುಕೊಂಡು ಬರುವಾಗ ನದಿಯ ಏರಿಯ ಮೇಲೆ ರಶ್ಮಿ ಇದ್ದಕ್ಕಿದ್ದಂತೆ ನಿಂತಳು. ನಿಧಿ ಮಾತು ಕಿವಿಗೆ ಬೀಳುವಷ್ಟೇ ಮುಂದೆ ಓಡುತ್ತಿದ್ದಳು.

‘ಸುಧಕ್ಕ, ನಿಮಗೆ ಗೊತ್ತು ಅಲ್ವಾ?’

ನಾನು ನಿಧಿಯ ಕಡೆ ನೋಡಿದೆ.

‘ಹೆಪ್ಪಿಗೆ ಬಂದ ದಿನಾನೇ ನಂಗೆ ಡೌಟ್ ಬಂತು. ಯಾರ್ ಹೇಳಿದ್ರು? ನಮ್ಮಮ್ಮಂಗೂ ನಾನು ಫುಲ್ ಹೇಳಿಲ್ಲ. ಮನೇಲಿ ಅವ್ರು ಆ ಪಾಸ್‌ಪೋರ್ಟ್ ಮಾತು ಎತ್ತೇ ಇಲ್ಲ. ಒಂದೇ ಸಲ ಹೇಳಿದ್ದು, ಆ ಕಾರಲ್ಲಿ.’ ಅಲ್ಲಿಗೆ ಅವಳ ಮಾತು ನಿಂತಿತು. ನನ್ನ ಮುಖವನ್ನು ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು. ‘ನೀವು ಮಾಡೋ ಜಾಬ್ ಏನು ಸುಧಕ್ಕ? ಕಸ್ಟಮರ್ ಸರ್ವಿಸ್ ಅಂದಿದ್ರಿ.’

ಹೇಳಿದೆ, ಸಹಿ ಹಾಕಿದ್ದನ್ನು ಮುರಿದು ಎಲ್ಲ ಹೇಳಿದೆ. ಅವಳು ಕೈ ಹಿಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಎರಡು ಹೆಜ್ಜೆ ಹಿಂದೆ ಸರಿದಳು.

‘ನಿಧಿ ಹಾಡಿದ್ದೂ ಕೇಳಿದ್ರಾ?’

‘ಹೂಂ.’

‘ನಾನ್ ಅತ್ತಿದ್ದು?’

‘ಹೂಂ ಕಣೇ.’

‘ಅದು ನನ್ನ ಅಳು ಸುಧಕ್ಕ. ಅಮ್ಮಂಗೂ ಕೇಳಿಸ್ದೇ ಇರೋ ಹಾಗೆ ಇಟ್ಕೊಂಡಿದ್ದೆ’ ಅಂದಳು. ದನಿ ಏರಿತು. ದಾರಿಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ಅಜ್ಜ ನಮ್ಮತ್ತ ನೋಡಿ, ನೋಡದವನಂತೆ ತಲೆ ತಗ್ಗಿಸಿ ದಾಟಿಹೋದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನು ಅವಳನ್ನು ಕಾಪಾಡಲು ಹೊರಟಿದ್ದೆ ಅಂದುಕೊಂಡಿದ್ದರೆ, ಅವಳ ಕಣ್ಣಿಗೆ ನಾನು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟವಳಾಗಿದ್ದೆ.

ಆಮೇಲೆ ಅವಳೇ ಕೇಳಿದಳು. ‘ಆ ರೆಕಾರ್ಡಿಂಗ್ ನಂಗೆ ಸಿಗುತ್ತಾ? ಅವ್ರು ಹೇಳಿದ್ದು ಅದರಲ್ಲಿ ಇದೆಯಲ್ಲ. ಇಲ್ದಿದ್ರೆ ನನ್ನ ಮಾತು ಯಾರ್ ನಂಬ್ತಾರೆ? ಎಲ್ರೂ ಅವ್ರನ್ನ ದೇವರು ಅಂತಾರೆ.’

ಮಾರನೆಯ ದಿನ ಮೊರಿತಾ-ಸಾನ್ ಅವರನ್ನು ಕೇಳಿದೆ, ಪ್ರಯಾಣಿಕರು ತಮ್ಮ ರೆಕಾರ್ಡಿಂಗ್ ಕೇಳಿ ಪಡೆಯಬಹುದೇ ಅಂತ. ಟ್ಯಾಕ್ಸಿ ಕರೆಸಿದವರು ಅರ್ಜಿ ಹಾಕಬಹುದು ಅಂದರು. ಜೊತೆಗೆ ಕೂತವರು? ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ‘ಅದು... ಚೊತ್ತೊ...’ ಅಂದರು. ಚೊತ್ತೊ ಅಂದರೆ ಸ್ವಲ್ಪ. ಇಲ್ಲಿಯವರು ‘ಸಾಧ್ಯವೇ ಇಲ್ಲ’ ಎಂಬುದನ್ನು ಹಾಗೆ ಹೇಳುತ್ತಾರೆ. ಟ್ಯಾಕ್ಸಿ ಕರೆಸಿದ್ದು ಕಿರಣನ ಫೋನಿನಿಂದ. ರಶ್ಮಿಯ ದನಿ, ರಶ್ಮಿಯ ಅಳು, ಅವಳ ಮಗಳ ಹಾಡು, ಲೆಕ್ಕಕ್ಕೆ ಅವನ ಖಾತೆಯ ಸರಕು. ಅವಳು ಕೇಳಿದರೆ ಅವನಿಗೆ ಮೊದಲು ತಿಳಿಸುತ್ತಾರೆ.

ಆವತ್ತೇ ನಾನು ಮೊರಿತಾ-ಸಾನ್‌ಗೆ ನಿಜ ಹೇಳಿ ಕೆಲಸ ಬಿಟ್ಟೆ. ಗೊತ್ತಿರುವವರ ದನಿ ಕೇಳಿದೆ, ತಿಳಿಸಲಿಲ್ಲ, ಹೊರಗೆ ಹೇಳಿದೆ. ಅವರು ಆಳವಾಗಿ ಬಾಗಿ, ತಿಳಿಸಿದ್ದಕ್ಕೆ ಧನ್ಯವಾದ ಅಂದು, ನನ್ನ ಕೊರಳಿನ ಕಾರ್ಡನ್ನು ಎರಡೂ ಕೈಯಿಂದ ವಾಪಸು ತೆಗೆದುಕೊಂಡರು. ಅಷ್ಟೇ ಅಂದುಕೊಂಡಿದ್ದೆ. ಲಿಫ್ಟಿನ ಬಳಿ ಬಂದು, ಒಳಗಿನ ಕ್ಯಾಮೆರಾ ಒಮ್ಮೆ ನೋಡಿ, ‘ಮೆಟ್ಟಿಲಲ್ಲಿ ಇಳಿಯೋಣವೇ?’ ಎಂದರು. ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿದರು: ‘ಆ ಹೆಂಗಸು... ಈಗ ಹೇಗಿದ್ದಾರೆ?’ ನಗರಸಭೆಯ ಕಚೇರಿಯಲ್ಲಿ ಇಂಥ ಹೆಂಗಸರಿಗಾಗಿಯೇ ಇರುವ ಸಲಹೆಯ ಕಿಟಕಿಯ ವಿಷಯ ನನಗೆ ಹೇಳಿದ್ದು ಅವರೇ. ಅಲ್ಲಿ ಪುರಾವೆ ಕೇಳುವುದಿಲ್ಲ, ಮೊದಲು ಮಾತು ಕೇಳುತ್ತಾರೆ ಅಂದರು. ಮನೆಗೆ ಬಂದು ಪ್ರಸನ್ನನಿಗೂ ಎಲ್ಲ ಹೇಳಿದೆ. ಅವನು ಮೊದಲು ನಂಬಲಿಲ್ಲ. ಆಮೇಲೆ ‘ನಾನೂ ಬರ್ಲಾ?’ ಅಂದ. ಬೇಡ ಅಂದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ನನ್ನ ಹಾಗೆ ಹೆದರುವುದು ಬೇಡ. ರಶ್ಮಿ ಈಗ ಎಲ್ಲಿದ್ದಾಳೆ ಎಂದು ಬರೆಯುವುದಿಲ್ಲ. ಕ್ಷೇಮವಾಗಿದ್ದಾಳೆ, ಆ ಸಲಹೆಯ ಕಚೇರಿಯವರ ನೆರವಿನಿಂದ ಪಾಸ್‌ಪೋರ್ಟ್‌ಗಳು ಅವಳ ಕೈಯಲ್ಲಿವೆ. ನನಗೆ ಫೋನು ಮಾಡುತ್ತಾಳೆ, ಮೊದಲಿನಷ್ಟು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಅದಕ್ಕೆ ನನಗೆ ಸಂಕಟವಿದೆ, ದೂರು ಇಲ್ಲ.

ನನ್ನ ತಂಗಿ ಕೇಳುತ್ತಾಳೆ, ಇಷ್ಟೆಲ್ಲ ಆದಮೇಲೆ ವಾಪಸ್ ಬರಬಾರದಾ ಅಂತ. ಹೋದ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆ. ಆಟೋದವನು ನನ್ನ ಊರು, ಗಂಡ, ಮಕ್ಕಳೆಷ್ಟು, ಇನ್ನೊಂದು ಯಾಕಿಲ್ಲ ಎಲ್ಲ ಕೇಳಿದ. ಇಲ್ಲಿ ಕೂತು ಯಾವ ವಠಾರವನ್ನು ಹಂಬಲಿಸುತ್ತೇನೋ, ಅದು ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದಾಗ ನನಗೆ ಸಿಡಿಮಿಡಿಯಾಯಿತು. ‘ಮುಂದೆ ನೋಡ್ಕೊಂಡು ಓಡ್ಸಪ್ಪ’ ಅಂದುಬಿಟ್ಟೆ. ಅವನು ಬೇಜಾರಾಗಿ ಸುಮ್ಮನಾದ. ಆಗ ಆ ಮೌನವನ್ನೂ ಸಹಿಸಲಾಗಲಿಲ್ಲ, ನಾನೇ ಅವನ ಮಕ್ಕಳ ವಿಷಯ ಕೇಳಿದೆ.

ಈಗ ಆ ಸಲಹೆಯ ಕಿಟಕಿಗೆ ಹೋದ ದಿನದ ಮಾತು. ಕಿರಣ್ ಆಫೀಸಿಗೆ ಹೋಗಿದ್ದ. ರಶ್ಮಿ ಒಂದು ಸೂಟ್‌ಕೇಸ್, ನಿಧಿಯ ಶಾಲೆಯ ಚೀಲ ಹಿಡಿದು ಕೆಳಗೆ ಬಂದಳು. ಮಾಮೂಲಿ ಟ್ಯಾಕ್ಸಿಗೆ ಕಾಯಬೇಕಿತ್ತು, ಮಳೆ ಬೇರೆ. ನನ್ನ ಫೋನಿನಲ್ಲಿ ಹತ್ತಿರ ತೋರಿಸಿದ್ದು ಡ್ರೈವರಿಲ್ಲದ ಆ ಕಾರೊಂದೇ. ರಶ್ಮಿ ಅದನ್ನು ನೋಡಿ ಹಿಂದೆಗೆದಳು. ಆಮೇಲೆ ತಾನೇ ಬಾಗಿಲ ಕಡೆ ನಡೆದಳು.

ಒಳಗೆ ಮೂವರೂ ಹಿಂದೆ ಕೂತೆವು. ಸೂರಿನಲ್ಲಿ ಕಪ್ಪು ಚುಕ್ಕೆ. ನಾನು ಅದನ್ನು ನೋಡಲಿಲ್ಲ, ರಶ್ಮಿಯೂ ನೋಡಲಿಲ್ಲ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಅಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು, ಹೆದರಬೇಡ, ನಾನಿದ್ದೇನೆ. ಒಂದೂ ಹೇಳಲಿಲ್ಲ. ಎರಡು ಕನ್ನಡದ ಹೆಂಗಸರು ಒಂದೇ ಸೀಟಿನಲ್ಲಿ ಕೂತು ತುಟಿ ಬಿಚ್ಚದೆ ದಾರಿ ಸವೆಸಿದ್ದು ಅದೇ ಮೊದಲಿರಬೇಕು. ನಿಧಿಗೆ ಏನು ಗೊತ್ತು, ಕಿಟಕಿಯ ಮಳೆಹನಿ ನೋಡುತ್ತಾ ಹಾಡಲು ಶುರುಮಾಡಿದಳು. ಅದೇ ಹಾಡು. ರಶ್ಮಿ ಗಕ್ಕನೆ ಅವಳ ಬಾಯಿಯ ಮೇಲೆ ಕೈ ಇಟ್ಟಳು. ಮಗು ಕಣ್ಣರಳಿಸಿ, ಆ ಬೆರಳುಗಳ ಸಂದಿಯಿಂದ ‘ದಮೆ?’ ಅಂದಿತು. ಮಾಡಬಾರದಾ ಎಂದು. ಆ ಪ್ರಯಾಣವಿಡೀ ಯಂತ್ರ ಹಸಿರು ಗುರುತನ್ನೇ ಹಾಕಿರುತ್ತದೆ.

ಕಚೇರಿಯ ಮುಂದೆ ಬಾಗಿಲು ತಾನೇ ತೆರೆಯಿತು. ನಾನು ಛತ್ರಿ ಬಿಚ್ಚುತ್ತಿದ್ದೆ. ನಿಧಿ ಇಳಿದವಳು ಕಾರಿನ ಕಡೆ ತಿರುಗಿ, ಕೈಗಳನ್ನು ಪಕ್ಕಕ್ಕೆ ಜೋಡಿಸಿಟ್ಟು, ಶಾಲೆಯಲ್ಲಿ ಕಲಿಸಿದ ಹಾಗೆ ಬಾಗಿ, ‘ಅರಿಗಾತೋ’ ಎಂದು ಜೋರಾಗಿ ಥ್ಯಾಂಕ್ಸ್ ಹೇಳಿದಳು. ಖಾಲಿ ಸೀಟಿಗಲ್ಲ, ತಲೆಯೆತ್ತಿ ಸೂರಿಗೆ.

‘ಯಾರಿಗ್ ಹೇಳಿದ್ಯೇ ಪುಟ್ಟಾ?’ ಅಂದೆ.

‘ಕೇಳಸ್ಕೊಳ್ತಾರಲ್ಲ, ಅವ್ರಿಗೆ’ ಅಂದಳು ನಿಧಿ. ಅಷ್ಟು ಕನ್ನಡ ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಹಿಂದಿನ ವಾರದವರೆಗೂ ಅವರೆಂದರೆ ನಾನೇ. ಮಗುವಿನ ಆ ನಮಸ್ಕಾರಕ್ಕೆ ನಾನು ತಲೆಬಾಗಲಿಲ್ಲ, ನನಗಲ್ಲ ಎಂದು ಅತ್ತ ಸರಿಯಲೂ ಆಗಲಿಲ್ಲ. ಛತ್ರಿ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದೆ. ಕಾರು ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು.